ಎದುರಾಳಿಗೂ ಒಬ್ಬ ಅರ್ಥಧಾರಿ

ಕಳೆದ ಓಣಂ ರಜೆಯಲ್ಲಿ ನಮ್ಮ ಮನೆಯ ಚಾವಡಿಯಲ್ಲಿ ಹತ್ತು ದಿನ ಒಂದು ಹೊಸ ಲೋಕದ ಸೃಷ್ಟಿಕಾರ್ಯ ನಡೆಯಿತು. ಸೃಷ್ಟಿಕರ್ತ ನನ್ನ ಮಗಳ ಮಗ, ಹದಿನಾಲ್ಕರ ಹುಡುಗ. ಸಹಾಯಕ್ಕೆ ಅವನ ಶಾಲೆಯ ಮೂವರು ಗೆಳೆಯರು. ಒಬ್ಬನ ಮನೆಮಾತು ಮಲಯಾಳ, ಒಬ್ಬನದು ಬ್ಯಾರಿ, ಇನ್ನೊಬ್ಬನದು ತುಳು. ನಮ್ಮ ಊರಿನ ಮಟ್ಟಿಗೆ ಇದೇನೂ ವಿಶೇಷವಲ್ಲ. ಹೊರಗೆ ಬಿಟ್ಟು ಬಿಟ್ಟು ಬರುವ ಮಳೆ. ಒಳಗೆ ಒಂದು ದಪ್ಪ ನೋಟುಪುಸ್ತಕ, ನಾಲ್ಕು ಪೆನ್ಸಿಲು, ಇಪ್ಪತ್ತು ಮುಖಗಳ ದಾಳ. ನಿವೃತ್ತ ಅಧ್ಯಾಪಕನಾದ ನನ್ನ ಪಾಲಿಗೆ ಬಂದ ಕೆಲಸವೆಂದರೆ ಹೆಸರು ಒದಗಿಸುವುದು. “ಅಜ್ಜ, ಕೋಟೆಗೆ ಒಂದು ಹೆಸರು ಹೇಳಿ, ಹಳೆಯ ಕಾಲದ ಹಾಗೆ ಕೇಳಬೇಕು” ಎನ್ನುತ್ತಿದ್ದರು.

ಆಟದ ಸ್ವರೂಪವನ್ನು ಕಾಣದವರಿಗಾಗಿ ಎರಡು ಮಾತು ಹೇಳಬೇಕು. ಇದಕ್ಕೆ ರೋಲ್ ಪ್ಲೇಯಿಂಗ್ ಆಟ ಎನ್ನುತ್ತಾರೆ. ಒಬ್ಬನು ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಆ ಪಾತ್ರ ಏನು ಹೇಳುತ್ತದೆ, ಏನು ಮಾಡುತ್ತದೆ ಎಂಬುದನ್ನು ಕುಳಿತಲ್ಲಿಂದಲೇ ಮಾತಿನಲ್ಲಿ ನಡೆಸಿಕೊಡುತ್ತಾರೆ. ಬೀಸಿದ ಕತ್ತಿ ತಾಗಿತೋ ಇಲ್ಲವೋ ಎಂಬಂಥ ಸಂಶಯಗಳನ್ನು ದಾಳ ತೀರ್ಮಾನಿಸುತ್ತದೆ. ವೇಷವಿಲ್ಲ, ರಂಗಸ್ಥಳವಿಲ್ಲ, ಬಾಯಿಪಾಠದ ಮಾತಿಲ್ಲ. ಎರಡು ದಿನ ನೋಡುವಷ್ಟರಲ್ಲಿ ನನಗೆ ಅನಿಸಿತು, ಇದು ನಮ್ಮ ತಾಳಮದ್ದಳೆಗೆ ದೂರದ ನೆಂಟ. ಕಥೆ ನಡೆಸುವ ಹುಡುಗ ಭಾಗವತ, ಸುತ್ತ ಕುಳಿತವರು ಅರ್ಥಧಾರಿಗಳು. ನಮ್ಮಲ್ಲಿ ಪ್ರಸಂಗ ಮೊದಲೇ ಇರುತ್ತದೆ. ಇವರಲ್ಲಿ ಕಥೆ ಎಲ್ಲಿ ಮುಗಿಯುವುದೆಂದು ಭಾಗವತನಿಗೂ ಗೊತ್ತಿಲ್ಲ. ವ್ಯತ್ಯಾಸ ಅಷ್ಟೆ.

ಕಥೆ ನಡೆಯುವ ಲೋಕವನ್ನು ಅಚ್ಚಾದ ಪುಸ್ತಕದಿಂದ ತೆಗೆದುಕೊಳ್ಳಬಹುದು, ಇಲ್ಲವೆ ಮನೆಯಲ್ಲೇ ಕುಳಿತು ಮಾಡಿಕೊಳ್ಳಬಹುದು. ಮನೆಯಲ್ಲಿ ಮಾಡಿದ್ದಕ್ಕೆ ಹುಡುಗರಲ್ಲಿ ಮರ್ಯಾದೆ ಹೆಚ್ಚು. ಅದಕ್ಕೆ ನಕಾಶೆ ಬೇಕು, ನಾಣ್ಯ ಬೇಕು, ದೇವರುಗಳು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಬಣಗಳು ಬೇಕು. ಒಬ್ಬರಿಗೊಬ್ಬರು ಆಗದ ನಾಲ್ಕೈದು ಬಣಗಳಿಲ್ಲದೆ ಕಥೆ ಮುಂದೆ ಸಾಗುವುದಿಲ್ಲ. ಊರಿನಲ್ಲೂ ಹಾಗೆಯೇ ಅಲ್ಲವೆ ಎಂದು ಓದುಗರು ನಗಬಹುದು. ನಾನೂ ನಕ್ಕಿದ್ದೆ.

ಮೂರನೆಯ ದಿನ ಮೊಮ್ಮಗ ನೋಟುಪುಸ್ತಕವನ್ನು ನನ್ನ ಕೈಗೆ ಕೊಟ್ಟ. ಒಂದು ನದಿ, ಮೂರು ಗುಡ್ಡ, ಒಂದು ಬಂದರು. ಬಂದರಿನಲ್ಲಿ ವ್ಯಾಪಾರಿಗಳ ಬಣ. ಅವರಿಗೆ ಸುಂಕ ಕಡಿಮೆಯಾಗಬೇಕು. ಗುಡ್ಡದಲ್ಲಿ ಕರಿಮೆಣಸು ಬೆಳೆಯುವವರ ಬಣ. ಅವರಿಗೆ ಬೆಲೆ ಹೆಚ್ಚಾಗಬೇಕು. ಕೋಟೆಯಲ್ಲಿ ಕಾವಲಿನವರು, ಮಠದಲ್ಲಿ ಓದಿದವರು. ಒಂದೊಂದು ಬಣಕ್ಕೂ ಎರಡು ಪುಟ: ಅವರ ನಾಯಕ ಯಾರು, ಸಾಲ ಯಾರಿಗೆ ಕೊಡಬೇಕು, ಯಾವ ಹಳೆಯ ಅವಮಾನವನ್ನು ಮರೆತಿಲ್ಲ. ಹುಡುಗನ ಲೋಕಜ್ಞಾನ ಕಂಡು ನನಗೆ ಆಶ್ಚರ್ಯವಾಯಿತು. ಐದನೆಯ ಬಣ ನದಿಯ ಆಚೆ ದಡದಲ್ಲಿತ್ತು. ಹೆಸರು ‘ಕರಾಳರು’. ಅವರಿಗೆ ಒಂದೇ ಸಾಲು: ಕ್ರೂರಿಗಳು, ಮಾತು ಬಾರದವರು, ಗುಂಪಾಗಿ ಬರುತ್ತಾರೆ, ಕೊಂದರೆ ಪಾಪವಿಲ್ಲ.

“ಇವರಿಗೆ ಏನು ಬೇಕು ಮಗಾ?” ಎಂದು ಕೇಳಿದೆ.

“ಇವರಿಗೆ ಎಂತ ಬೇಡ ಅಜ್ಜ. ಇವರು ಕೆಟ್ಟವರು.”

“ಕೆಟ್ಟವರು ಬೆಳಗ್ಗೆ ಎದ್ದು ಎಂತ ತಿನ್ನುತ್ತಾರೆ?”

ಹುಡುಗರು ಗೊಳ್ಳೆಂದು ನಕ್ಕರು. ಮೊಮ್ಮಗ ಮಾತ್ರ ಸ್ವಲ್ಪ ಮುಖ ಸಣ್ಣ ಮಾಡಿ, “ಆಟ ಅಲ್ಲವಾ ಅಜ್ಜ? ಇವರು ಇಲ್ಲವೇ ಇಲ್ಲ. ಇಲ್ಲದವರಿಗೆ ಯಾರು ಅನ್ಯಾಯ ಮಾಡುವುದು?” ಎಂದ.

ನಾನು ಈ ಬರಹಕ್ಕೆ ಕೂತದ್ದು ಆ ಪ್ರಶ್ನೆಯಿಂದಾಗಿ. ಅದು ತಳ್ಳಿಹಾಕುವಂಥ ಪ್ರಶ್ನೆಯಲ್ಲ. ಒಂದು ಲೋಕವನ್ನು ಕಲ್ಪಿಸುವವನಿಗೆ, ಅಲ್ಲಿನ ಒಂದು ಜನವನ್ನು ಹುಟ್ಟಿನಿಂದಲೇ ಕೆಟ್ಟದ್ದಾಗಿ ಕಲ್ಪಿಸುವ ಅಧಿಕಾರ ಉಂಟೆ? ನದಿಯಾಚೆ ಯಾರೂ ವಾಸಿಸುತ್ತಿಲ್ಲ. ಕಾಗದದ ಮೇಲೆ ಸತ್ತವನಿಗೆ ತಾಯಿ ಇಲ್ಲ. ಶಾಲೆಯಲ್ಲಿ ಪರೀಕ್ಷೆ, ಮನೆಯಲ್ಲಿ ಗದರಿಕೆ ಎಂದು ದಿನ ಕಳೆಯುವ ಹುಡುಗರಿಗೆ, ಪಾಪಪುಣ್ಯದ ಲೆಕ್ಕವಿಲ್ಲದೆ ಕತ್ತಿ ಬೀಸಲು ಒಂದು ಗುರಿ ಬೇಕು. ಚದುರಂಗದಲ್ಲಿ ಕಪ್ಪು ಕಾಲಾಳಿಗೆ ಏನು ಬೇಕೆಂದು ಯಾರೂ ವಿಚಾರಿಸುವುದಿಲ್ಲ.

ಈ ತಪ್ಪು, ತಪ್ಪೆಂದು ಕರೆಯುವುದಾದರೆ, ಹುಡುಗನದಲ್ಲ. ಆಟದ ಜೊತೆಯಲ್ಲೇ ಬಂದದ್ದು. ಈ ಬಗೆಯ ಆಟಗಳಲ್ಲಿ ಮೊದಲು ಅಚ್ಚಾಗಿ ಹೆಸರಾದದ್ದು ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಇದು 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ಹೊರಟಿತು. ಅದರ ಬೇರು ಬೊಂಬೆ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಆಡುವ ಯುದ್ಧದಾಟದಲ್ಲಿದೆ. ಮೊದಲ ಆವೃತ್ತಿಯಲ್ಲಿ ಪ್ರತಿಯೊಂದು ಜೀವಿಯನ್ನೂ ನಿಯಮದ ಕಡೆ, ಅರಾಜಕತೆಯ ಕಡೆ, ಇವೆರಡರ ನಡುವೆ ಎಂದು ಮೂರು ಪಾಲು ಮಾಡಿದ್ದರು. ಆ ದಶಕ ಮುಗಿಯುವ ಮೊದಲೇ ಒಳ್ಳೆಯದು, ಕೆಟ್ಟದ್ದು ಎಂಬ ಇನ್ನೊಂದು ಗೆರೆ ಸೇರಿ ಮೂರು ಮೂರಲಿ ಒಂಬತ್ತು ಮನೆಗಳಾದವು. 1977ರಲ್ಲಿ ಬಂದ ವಿಚಿತ್ರಜೀವಿಗಳ ಕೋಶದಲ್ಲಿ, ಜಾತಿಜಾತಿಗೆ ಅದರದರ ಮನೆಯನ್ನು ಅಚ್ಚು ಹಾಕಿದ್ದರು. ಓರ್ಕ್ ಎಂಬವರು ಕೆಟ್ಟವರು. ಒಬ್ಬ ಓರ್ಕ್ ಅಲ್ಲ, ಓರ್ಕ್ ಆಗಿ ಹುಟ್ಟಿದವರೆಲ್ಲ.

ಆ ಓರ್ಕರು ಬಂದದ್ದು ಆಂಗ್ಲ ಲೇಖಕ ಟೋಲ್ಕಿನ್ 1954–55ರಲ್ಲಿ ಪ್ರಕಟಿಸಿದ ಮಹಾಕಥೆಯಿಂದ. ವಿಚಿತ್ರವೆಂದರೆ ಸ್ವತಃ ಟೋಲ್ಕಿನ್ನರಿಗೆ ಈ ವಿಷಯದಲ್ಲಿ ನೆಮ್ಮದಿ ಇರಲಿಲ್ಲ. ಕೆಡುಕಿಗೆ ಜೀವವನ್ನು ಸೃಷ್ಟಿಸುವ ಶಕ್ತಿಯಿಲ್ಲ, ಇದ್ದದ್ದನ್ನು ಕೆಡಿಸುವ ಶಕ್ತಿ ಮಾತ್ರ ಉಂಟು ಎಂದು ನಂಬಿದ ಕ್ರೈಸ್ತಭಕ್ತ ಅವರು. ಹಾಗಾದರೆ ಇಡೀ ಒಂದು ಜನ ಉದ್ಧಾರಕ್ಕೆ ದಕ್ಕದಂತೆ ಹುಟ್ಟುವುದು ಹೇಗೆ? ಅವರ ಪತ್ರಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ತಲೆ ಎತ್ತುತ್ತದೆ, ನೆಲೆ ನಿಲ್ಲುವುದಿಲ್ಲ. 2020ರಲ್ಲಿ ಆಟದ ಪ್ರಕಾಶಕರೇ, ಓರ್ಕ್ ಮೊದಲಾದ ಜನಗಳನ್ನು ಹುಟ್ಟಾ ಕೆಟ್ಟವರೆಂದು ಚಿತ್ರಿಸುವುದನ್ನು ತಿದ್ದಿಕೊಳ್ಳುತ್ತೇವೆ ಎಂದು ಪ್ರಕಟಿಸಿದರು. 1974ರಿಂದ ಲೆಕ್ಕ ಹಾಕಿದರೆ 46 ವರ್ಷ. ಆಟವಲ್ಲವೆ ಎಂಬ ಒಂದು ಮಾತಿನಿಂದ ಆ ಪ್ರಶ್ನೆ ಮುಗಿಯಲಿಲ್ಲ.

ಬೇರೆ ದಾರಿಯೂ ಅದೇ ಆಟದ ಒಳಗೆ ಇತ್ತು. 1969ರಲ್ಲಿ ಡೇವಿಡ್ ವೆಸ್ಲಿ ಎಂಬಾತ ಯುದ್ಧದಾಟ ಆಡಲು ಬಂದವರಿಗೆ ಸೈನ್ಯವನ್ನು ಮಾತ್ರ ಹಂಚದೆ, ಒಂದು ಕಾಲ್ಪನಿಕ ಪಟ್ಟಣದ ಮೇಯರು, ಬ್ಯಾಂಕಿನವನು, ಕುಲಪತಿ ಎಂದು ಪಾತ್ರ ಹಂಚಿ, ಒಬ್ಬೊಬ್ಬರಿಗೆ ಒಂದೊಂದು ಬಯಕೆಯನ್ನು ಕೊಟ್ಟನಂತೆ. ಆಟ ಕೈಮೀರಿ ಮಾತಿಗೆ ತಿರುಗಿತು. ಆ ಮಾತಿನಿಂದಲೇ ಮುಂದಿನ ಆಟಗಳೆಲ್ಲ ಹುಟ್ಟಿದವು. 1994ರಲ್ಲಿ ಬಂದ ‘ಪ್ಲೇನ್‌ಸ್ಕೇಪ್’ ಎಂಬ ಲೋಕದಲ್ಲಿ ಸಿಗಿಲ್ ಎಂಬ ಒಂದು ನಗರ, ಅದರಲ್ಲಿ 15 ಬಣಗಳು. ಒಂದೊಂದು ಬಣಕ್ಕೂ ಒಂದು ದರ್ಶನ. ಈ ಜಗತ್ತಿಗೆ ಅರ್ಥವೇ ಇಲ್ಲವೆಂದು ನಂಬುವ ಒಂದು ಬಣ ಅಲ್ಲಿದೆ. ಅವರನ್ನು ಖಳರಾಗಿಸುವುದು ಎಷ್ಟು ಸುಲಭವಿತ್ತು! ಆದರೆ ಆ ನಗರದ ಹುಚ್ಚಾಸ್ಪತ್ರೆಯನ್ನು ನೋಡಿಕೊಳ್ಳುವವರು, ಬಡವರಿಗೆ ಗಂಜಿ ಬಡಿಸುವವರು ಅವರೇ. ಅರ್ಥವಿಲ್ಲದ ಲೋಕದಲ್ಲಿ ಇನ್ನೊಬ್ಬನ ಹಸಿವಾದರೂ ಎದುರಿಗೆ ಕಾಣುತ್ತದಲ್ಲ ಎಂಬುದು ಅವರ ವಾದವಿರಬಹುದು ಎಂದು ನಾನು ಊಹಿಸಿಕೊಂಡೆ. ಬಣವನ್ನು ಕಟ್ಟುವುದೆಂದರೆ ಇದು ಎಂದು ಮೊಮ್ಮಗನಿಗೆ ಹೇಳಿದೆ.

ಅವನಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಆಗ ಪಕ್ಕದ ಮನೆಯ ಅಂಗಳದಲ್ಲಿ ಮಕ್ಕಳು ಹೂವಿನ ಕಳ ಹಾಕುತ್ತಿದ್ದರು. “ಅವರು ಯಾರನ್ನು ಬರಮಾಡಿಕೊಳ್ಳುತ್ತಾರೆ?” ಎಂದು ಕೇಳಿದೆ. ಮಲಯಾಳ ಮನೆಮಾತಿನ ಹುಡುಗ ಥಟ್ಟನೆ “ಮಾವೇಲಿಯನ್ನು” ಎಂದ. ತುಳುವ ಹುಡುಗ, “ನಮ್ಮಲ್ಲಿ ದೀಪಾವಳಿಗೆ ಗದ್ದೆಯಲ್ಲಿ ದೀಪ ಇಟ್ಟು ಕೂ ಹಾಕಿ ಕರೆಯುತ್ತೇವಲ್ಲ, ಬಲೀಂದ್ರ, ಅವನೇ” ಎಂದ. “ಅವನು ಯಾವ ಬಣದವ?” ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಸುರರ ಅರಸ. ದೇವತೆಗಳ ನೋಟುಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಯಬೇಕಾದವನು. ಅವನನ್ನು ಪಾತಾಳಕ್ಕೆ ತುಳಿದ ಕಥೆಯನ್ನು ನಾವು ಅಳಿಸಿಲ್ಲ, ತುಳಿದವನ ಪೂಜೆಯನ್ನೂ ಬಿಟ್ಟಿಲ್ಲ. ಆದರೂ ಚಂದ್ರಗಿರಿಯ ಈಚೆಗೂ ಆಚೆಗೂ ವರ್ಷಕ್ಕೊಮ್ಮೆ ಅವನನ್ನು ಹೆಸರು ಹಿಡಿದು ಕರೆಯುತ್ತೇವೆ.

ನಮ್ಮ ತಾಳಮದ್ದಳೆಯ ನ್ಯಾಯವೂ ಇದೇ. ಕೂಟದಲ್ಲಿ ರಾಮನಿಗೆ ಒಬ್ಬ ಅರ್ಥಧಾರಿಯಿದ್ದರೆ ವಾಲಿಗೂ ಒಬ್ಬನಿರಬೇಕು. ಎರಡನೆಯವನು ಸಪ್ಪೆಯಾದರೆ ಸಭೆ ಏಳುತ್ತದೆ. ನಮ್ಮ ನೆಲದವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಕೌರವರ ಅರ್ಥಗಳಿಂದಲೇ ನಾಡಿನಲ್ಲಿ ಹೆಸರಾದವರು. ಬಾಣ ತಾಗಿ ಬಿದ್ದ ವಾಲಿ ಕೇಳುವ ಪ್ರಶ್ನೆಗಳನ್ನು ಆಲಿಸಲು ಜನ ಬೆಳಗಿನ ತನಕ ಚಳಿಯಲ್ಲಿ ಕುಳಿತಿದ್ದರು, ನಾನೂ ಕುಳಿತಿದ್ದೇನೆ. ವಾದ ಎಷ್ಟೇ ಬಲವಾಗಿದ್ದರೂ ವಾಲಿ ಬದುಕುವುದಿಲ್ಲ, ಪ್ರಸಂಗ ಬದಲಾಗುವುದಿಲ್ಲ. ಆದರೆ ಮನೆಗೆ ಮರಳುವ ರಾಮಭಕ್ತನಿಗೆ ರಾಮನ ಗೆಲುವಿನ ಬೆಲೆ ಎಷ್ಟೆಂದು ಗೊತ್ತಿರುತ್ತದೆ. ಬೆಲೆ ಗೊತ್ತಿಲ್ಲದ ಭಕ್ತಿ ಸ್ವಲ್ಪ ಅಗ್ಗದ್ದು ಎಂದು ನನ್ನ ಭಾವನೆ.

ಇಷ್ಟೆಲ್ಲ ಉಪದೇಶ ಮಾಡಿದ ಮೇಲೆ ಉಪದೇಶಿಯ ಲೆಕ್ಕವನ್ನೂ ಒಪ್ಪಿಸಬೇಕಲ್ಲ.

ಸುಮಾರು ನಲುವತ್ತು ವರ್ಷಗಳ ಹಿಂದಿನ ಮಾತು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ವಿಭಾಗಗಳಿದ್ದವು. ಕನ್ನಡ ವಿಭಾಗದ ಮಕ್ಕಳಿಗೆ ಗಣಿತ ಕಲಿಸಲು ತೆಂಕಣ ಜಿಲ್ಲೆಯೊಂದರಿಂದ ಕನ್ನಡದ ಒಂದಕ್ಷರವೂ ಬಾರದ ಅಧ್ಯಾಪಕರೊಬ್ಬರನ್ನು ಕಳುಹಿಸಿದರು. ಈ ಬಗೆಯ ನೋವನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. 1956ರ ನವೆಂಬರ್ 1ರಂದು ನಕಾಶೆಯಲ್ಲಿ ಗೆರೆ ಬಿದ್ದಂದಿನಿಂದ, 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದು ಶಿಫಾರಸು ಮಾಡಿ ಅದು ಕಾಗದದಲ್ಲೇ ಉಳಿದಂದಿನಿಂದ, ನಮ್ಮ ಮನೆಗಳಲ್ಲಿ ಉಂಡ ಅನ್ನದ ಜೊತೆ ಇಳಿದ ಸಂಕಟ ಅದು. ನಾವು ಪ್ರತಿಭಟಿಸಿದೆವು. ಮಕ್ಕಳು ತರಗತಿಯಿಂದ ಹೊರಗೆ ಕುಳಿತರು. ಕರಪತ್ರ ಬರೆಯುವ ಕೆಲಸ ನನಗೆ ಬಂತು. ಆಗ ನನ್ನ ಕನ್ನಡಕ್ಕೆ ಹರಿತ ಹೆಚ್ಚು. ನಮ್ಮ ಮಕ್ಕಳಿಗೆ ನಮ್ಮ ಮಾತಿನಲ್ಲಿ ಪಾಠ ಬೇಕೆಂದು ಎರಡು ಪುಟ ಬರೆದೆ. ಆ ಅಧ್ಯಾಪಕರ ಬಗ್ಗೆ ಒಂದೇ ಸಾಲು: ನಮ್ಮ ಭಾಷೆಯ ಕುತ್ತಿಗೆ ಹಿಸುಕಲು ಬಂದವರು.

ನಮಗೆ ಜಯವಾಯಿತು. ಅವರಿಗೆ ವರ್ಗವಾಯಿತು. ಹೊರಡುವ ದಿನ ಅವರು ಬಸ್ಸಿಗೆ ಕಾಯುತ್ತಿದ್ದಲ್ಲಿ ನಾನೂ ನಿಂತಿದ್ದೆ. ಚೀಲದಿಂದ ಒಂದು ಹಾಳೆ ತೆಗೆದು ನನ್ನ ಕೈಗಿಟ್ಟರು. ಯಾವ ಪಾಠ ಎಲ್ಲಿಗೆ ಮುಟ್ಟಿದೆ ಎಂಬ ಪಟ್ಟಿ. ಕನ್ನಡದ ಅಕ್ಷರಗಳಲ್ಲೇ ಬರೆದಿದ್ದರು, ಒಂದನೆಯ ತರಗತಿಯ ಮಗುವಿನ ಹಾಗೆ ದೊಡ್ಡದಾಗಿ, ಒತ್ತಿ ಒತ್ತಿ. “ಭಿನ್ನರಾಶಿ ಮುಗಿಯಿತು. ದಶಮಾಂಶ ಮುಗಿಯಿಲ್ಲ” ಎಂದರು. ಬಸ್ಸು ಬಂತು. ನಾನು ಒಂದು ಮಾತೂ ಆಡಲಿಲ್ಲ. ಆಮೇಲೆ ಅವರ ಬಾಡಿಗೆ ಕೋಣೆಯ ಯಜಮಾನರಿಂದ ತಿಳಿಯಿತು: ಊರಿನಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು, ಇಲ್ಲಿಗೆ ಹಾಕಬೇಡಿ ಎಂದು ಅವರೇ ಮೊದಲು ಬೇಡಿಕೊಂಡಿದ್ದರು. ಬಂದ ಮೇಲೆ ರಾತ್ರಿ ಹೊತ್ತು ಯಜಮಾನರ ಮಗಳ ಪಾಠಪುಸ್ತಕ ತರಿಸಿಕೊಂಡು ಕನ್ನಡ ಅಕ್ಷರ ತಿದ್ದುತ್ತಿದ್ದರು.

ನಮ್ಮ ಬೇಡಿಕೆ ತಪ್ಪಾಗಿತ್ತೆ? ಇಲ್ಲ. ಅಂದೂ ನ್ಯಾಯವಾಗಿತ್ತು, ಇಂದೂ ನ್ಯಾಯವೇ. ಮಕ್ಕಳಿಗೆ ತಿಳಿಯದ ಮಾತಿನಲ್ಲಿ ಭಿನ್ನರಾಶಿ ಕಲಿಸುವುದು ಅನ್ಯಾಯ. ಕಲಿಸುವವನು ಎಷ್ಟೇ ಸಜ್ಜನನಾದರೂ ಅದು ಅನ್ಯಾಯವೇ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಎದುರಾಳಿಗೂ ಮುಖವುಂಟು ಎಂದು ತಿಳಿದ ಕ್ಷಣ ಎಲ್ಲರೂ ಸರಿ, ಯಾರದೂ ತಪ್ಪಿಲ್ಲ ಎಂದು ಕೈತೊಳೆದುಕೊಳ್ಳುವವರಿದ್ದಾರೆ. ಅದು ಔದಾರ್ಯವಲ್ಲ, ತೀರ್ಪು ಕೊಡುವ ಕಷ್ಟದಿಂದ ತಪ್ಪಿಸಿಕೊಳ್ಳುವ ಉಪಾಯ. ಬಣಗಳಲ್ಲಿ ಕೆಟ್ಟದ್ದು ಮಾಡುವ ಬಣವಿರಬಹುದು, ಇರಲೇಬೇಕು. ಕೆಟ್ಟದ್ದಾಗಿಯೇ ಹುಟ್ಟಿದ ಬಣ ಇರಬಾರದು. ಕರಪತ್ರದ ಎರಡು ಪುಟ ನನ್ನ ಹಕ್ಕು. ಆ ಒಂದು ಸಾಲು ಮಾತ್ರ ನನ್ನ ಪಾಪ.

ಅಲ್ಲಿಗೆ ಮೊಮ್ಮಗನ ಪ್ರಶ್ನೆಗೆ ನನ್ನ ಉತ್ತರವೂ ಸಿಕ್ಕಿತು. ಇಲ್ಲದವರಿಗೆ ಅನ್ಯಾಯವಾಗುವುದಿಲ್ಲ, ನಿಜ. ಆದರೆ ಒಂದು ಜನವನ್ನು ಒಂದು ಸಾಲಿನಲ್ಲಿ ಮುಗಿಸುವ ಅಭ್ಯಾಸ ಕೈಗೆ ಆಗುತ್ತದೆ. ಆಟದಲ್ಲಿ ಪಳಗಿದ ಕೈ, ಆಮೇಲೆ ಕರಪತ್ರ ಬರೆಯುವಾಗ ಬೇರೆ ಕೈಯಾಗುವುದಿಲ್ಲ. ಇನ್ನೊಂದು ಮಾತು ಉಂಟು. ಅಲ್ಪಸಂಖ್ಯಾತರಾದ ನಾವು ಯಾರ ಯಾರದೋ ನೋಟುಪುಸ್ತಕದಲ್ಲಿ ಐದನೆಯ ಬಣವಾಗಿ ಬದುಕಿದವರು. ಗಡಿಯವರು, ಯಾವಾಗಲೂ ತಕರಾರಿನವರು ಎಂದು ದೂರದ ಕಚೇರಿಗಳಲ್ಲಿ ನಮ್ಮನ್ನು ಮುಗಿಸುವ ಸಾಲು ಹೇಗಿರುತ್ತದೆಂದು ನಮಗೆ ಗೊತ್ತು. ಅದನ್ನು ಅನುಭವಿಸಿದವರೇ ಅದನ್ನು ಬರೆದರೆ, ತಿಳಿಯದೆ ಮಾಡಿದೆವು ಎನ್ನುವ ನೆವವೂ ನಮಗಿಲ್ಲ.

ಮೊಮ್ಮಗನಿಗೆ ಈ ಕಥೆಯನ್ನು ಅದೇ ರಾತ್ರಿ ಹೇಳಿದೆ. ಮರುದಿನ ಅವನೇ ಪುಸ್ತಕ ತಂದ. ಕುಳಿತು ನಾಲ್ಕು ಪ್ರಶ್ನೆ ಹಾಕಿಕೊಂಡೆವು. ಇವರಿಗೆ ಏನು ಬೇಕು? ಯಾವುದಕ್ಕೆ ಹೆದರುತ್ತಾರೆ? ಇವರೊಳಗೇ ಇವರ ಮಾತನ್ನು ಒಪ್ಪದವರು ಯಾರು? ಕೊನೆಯದು ಹುಡುಗನೇ ಕೇಳಿದ್ದು: “ಕರಾಳರು ಎಂಬುದು ಈಚೆಯವರು ಇಟ್ಟ ಹೆಸರಲ್ಲವಾ ಅಜ್ಜ? ತಮ್ಮನ್ನು ತಾವು ಅವರು ಎಂತ ಕರೆಯುತ್ತಾರೆ?”

ಆ ಪ್ರಶ್ನೆಯಿಂದ ಎಲ್ಲ ಬಿಡಿಸಿಕೊಂಡಿತು. ಅವರು ತಮ್ಮನ್ನು ‘ಹೊಳೆಯವರು’ ಎಂದುಕೊಳ್ಳುತ್ತಾರೆ. ಈಚೆ ದಡದ ನಾಲ್ಕೂ ಬಣಗಳಿಗೆ ಅವರಲ್ಲಿ ಒಂದೇ ಹೆಸರು, ‘ಕಟ್ಟದವರು’. ಮೇಲೆ ಗುಡ್ಡದ ಬುಡದಲ್ಲಿ ಮೆಣಸಿನ ತೋಟಕ್ಕೆಂದು ಹೊಳೆಗೆ ಕಲ್ಲುಮಣ್ಣಿನ ಕಟ್ಟ ಹಾಕಿದ್ದಾರೆ. ನಮ್ಮ ಕಡೆ ಬೇಸಗೆಗೆ ಹಾಕುವ ಕಟ್ಟವನ್ನು ಹುಡುಗರೆಲ್ಲ ಕಂಡವರೇ. ಈ ಕಟ್ಟ ಮಾತ್ರ ಮಳೆಗಾಲಕ್ಕೂ ಬಿಚ್ಚುವುದಿಲ್ಲ. ಕೆಳಗೆ ಆಚೆ ದಡ ಒಣಗುತ್ತದೆ. ಅವರು ಗುಂಪಾಗಿ ಬರುವುದು ಅದಕ್ಕೆ. ಬಂದಾಗ ಕೊಳ್ಳೆ ಹೊಡೆಯುತ್ತಾರೆ, ಮನೆ ಸುಡುತ್ತಾರೆ. ಅದನ್ನು ನಾವು ಅಳಿಸಲಿಲ್ಲ. ಅವರಲ್ಲಿ ಒಬ್ಬಳು ಮುದುಕಿ, ಸುಡುವುದರಿಂದ ನೀರು ಬರುವುದಿಲ್ಲ ಎನ್ನುತ್ತಾಳೆ. ಅವಳ ಮಾತನ್ನು ಯಾರೂ ಕೇಳುವುದಿಲ್ಲ.

ರಜೆಯ ಕೊನೆಯ ಎರಡು ಸಂಜೆ ಆಟ ನಡೆಯಿತು. ಹೊಳೆಯವರ ನಾಯಕನ ಅರ್ಥಕ್ಕೆ ಬ್ಯಾರಿ ಹುಡುಗ ಕುಳಿತ. ಅವನ ಮಾತಿಗೆ ನನ್ನ ಮೊಮ್ಮಗನೇ ಎರಡು ಸಲ ಉತ್ತರವಿಲ್ಲದೆ ತಡವರಿಸಿದ. ಇದರಿಂದ ಸಂಧಿಯಾಯಿತು ಎಂದು ಬರೆದರೆ ಲೇಖನಕ್ಕೆ ಚೆಂದ, ಆದರೆ ಹಾಗಾಗಲಿಲ್ಲ. ಕೊನೆಗೆ ಯುದ್ಧವೇ ಆಯಿತು. ದಾಳ ಉರುಳಿತು, ನಾಯಕ ಬಿದ್ದ. ಹಿಂದಿನ ಆಟಗಳಲ್ಲಿ ಶತ್ರು ಬಿದ್ದಾಗ ಚಾವಡಿ ಹಾರಿಹೋಗುವ ಹಾಗೆ ಬೊಬ್ಬೆ ಹಾಕುತ್ತಿದ್ದ ಹುಡುಗರು ಈ ಸಲ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ತುಳುವ ಹುಡುಗ ಕೇಳಿದ: “ಈಗ ಆ ಕಟ್ಟವನ್ನು ಎಂತ ಮಾಡುವುದು?” ಮುಂದಿನ ರಜೆಯ ಆಟ ಅಲ್ಲಿಂದ ಸುರುವಾಗುತ್ತದಂತೆ.

ಈ ವಾರ್ಷಿಕದ ಅರ್ಧ ಪುಟಗಳು ಮಲಯಾಳದಲ್ಲಿವೆ. ಅವುಗಳನ್ನು ಓದುವವರಲ್ಲಿ, ಬಹಳ ಹಿಂದೆ ನಮ್ಮ ಕಡೆ ಕೆಲವೇ ತಿಂಗಳು ಗಣಿತ ಕಲಿಸಿ ಹೋದ ಆ ಅಧ್ಯಾಪಕರೋ ಅವರ ಮಕ್ಕಳೋ ಇದ್ದರೂ ಇರಬಹುದು. ಈ ಪುಟವನ್ನು ಅವರಿಗೆ ಯಾರಾದರೂ ಓದಿ ಹೇಳಿದರೆ ಸಂತೋಷ. ಅಥವಾ ಅಂದು ಕಲಿತ ಅಕ್ಷರ ಮರೆತಿಲ್ಲವಾದರೆ ಅವರೇ ಓದಿಯಾರು. ಬಸ್ಸಿನ ಬಳಿ ಆಡಬೇಕಾಗಿದ್ದ ಮಾತನ್ನು ಈಗ ಆಡುತ್ತಿದ್ದೇನೆ. ಮಾಷೇ, ಹೊಸಬರು ಬರುವ ತನಕ ಆ ತರಗತಿಯನ್ನು ನನಗೆ ವಹಿಸಿದ್ದರು. ನಿಮ್ಮ ಹಾಳೆಯನ್ನು ಮುಂದಿಟ್ಟುಕೊಂಡೇ ದಶಮಾಂಶ ಮುಗಿಸಿದೆ.